ಮೇಧಾಳ ವಯಸ್ಸಿನ ಬಾಟಲಿ

ಏಲಕ್ಕಿಯನ್ನು ಜೇಬಿಗೆ ಹಾಕಿಕೊಂಡ ಮೇಲೆ ತ್ಯಾಗರಾಜನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಶುಕ್ರವಾರ ಸಂಜೆ ಮನೆ ಬಿಡುವಾಗ ಕೈ ತಾನಾಗಿಯೇ ಸ್ಟವ್ ಪಕ್ಕದ ಸಣ್ಣ ಸೀಸೆಗೆ ಹೋಗುತ್ತದೆ, ನಾಲ್ಕಾರು ಏಲಕ್ಕಿ ಎತ್ತಿಕೊಳ್ಳುತ್ತದೆ. ಹೋಗುವಾಗ ಜೇಬಿನಲ್ಲಿ, ಬರುವಾಗ ಬಾಯಲ್ಲಿ. ಎಷ್ಟೋ ವರ್ಷಗಳ ಅಭ್ಯಾಸ. ಇವತ್ತು ಅದರಿಂದ ಯಾವ ಪ್ರಯೋಜನವೂ ಇಲ್ಲವೆಂದು ಗೊತ್ತಿದ್ದೂ ಎತ್ತಿಕೊಂಡಿದ್ದ. ಈಗ ಡೊನಾಟೊನ ಮನೆಯ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಇಳಿಯದೆ ಕೂತಿದ್ದಾನೆ. ಏಪ್ರಿಲ್ ತಿಂಗಳು. ರಾಲಿ ಪಟ್ಟಣದಲ್ಲಿ ಪೈನ್ ಮರಗಳ ಹಳದಿ ಪರಾಗ ಕಾರು, ರಸ್ತೆ, ಅಂಚೆಡಬ್ಬಿ ಎನ್ನದೆ ಎಲ್ಲದರ ಮೇಲೂ ಅರಿಶಿನ ಎರಚಿದಂತೆ ಕೂತಿತ್ತು. ವೈಪರ್ ಹಾಕಿದ. ಗಾಜು ಇನ್ನಷ್ಟು ಕೊಳೆಯಾಯಿತು. ಒಳಗೆ ಹೋಗಿ ಒಂದೇ ಒಂದು ಮಾತು ಹೇಳಬೇಕು, ಅಷ್ಟೆ. ಹೇಳಿದರೆ ಈ ಸ್ನೇಹ ಉಳಿದೀತು. ಇವತ್ತು ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸೀಟ್‌ಬೆಲ್ಟ್ ಬಿಚ್ಚಲು ಮನಸ್ಸಾಗಲಿಲ್ಲ.

ಡೊನಾಟೊ ಬಂಡೆಗಳನ್ನು ಓದುವವನು, ಇವನು ಮಣ್ಣನ್ನು ಓದುವವನು. ಯೂನಿವರ್ಸಿಟಿಯಲ್ಲಿ ಇಬ್ಬರ ಪ್ರಯೋಗಶಾಲೆಗಳೂ ಒಂದೇ ಕಾರಿಡಾರಿನಲ್ಲಿದ್ದವು. ಡೊನಾಟೊನ ಊರು ದಕ್ಷಿಣ ಇಟಲಿಯಲ್ಲಿ, ವುಲ್ತುರೆ ಎಂಬ ಸತ್ತ ಜ್ವಾಲಾಮುಖಿಯ ಮಗ್ಗುಲಲ್ಲಿ. ಬೂದಿ ಬಿದ್ದು ಕಪ್ಪಾದ ಆ ಮಣ್ಣಿನಲ್ಲಿ ಅವನ ಅಣ್ಣ ಅಲ್ಯಾನಿಕೊ ಎಂಬ ಜಾತಿಯ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಿದ್ದ. ಡೊನಾಟೊ ಮೊದಲ ಸಲ ಅದನ್ನು ಗ್ಲಾಸಿಗೆ ಹಾಕಿಕೊಟ್ಟಾಗ ತ್ಯಾಗರಾಜನಿಗೆ ಅದು ಕೆಂಪೋ ಕಪ್ಪೋ ತಿಳಿದಿರಲಿಲ್ಲ. ಗುಟುಕು ನುಂಗಿ, ಬಾಯೆಲ್ಲ ಬಿಗಿದುಕೊಂಡಂತಾಗಿ, ಮರ್ಯಾದೆಗೆ ‘ಬಹಳ ಚೆನ್ನಾಗಿದೆ’ ಎಂದಿದ್ದ. ಡೊನಾಟೊಗೆ ನಿಜಕ್ಕೂ ಸಿಟ್ಟು ಬಂದಿತ್ತು. “ಬಹಳ ಚೆನ್ನಾಗಿದೆ ಅನ್ನುವುದು ಗುರುತಿಲ್ಲದವರ ಮನೆಯಲ್ಲಿ ಹೇಳುವ ಮಾತು. ನಾಲಿಗೆಗೆ ಏನು ಸಿಕ್ಕಿತು ಅದನ್ನು ಹೇಳು.” ತ್ಯಾಗರಾಜ ಇನ್ನೊಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಮೈಸೂರಿನಲ್ಲಿ ತನ್ನ ಶಾಲೆಯ ಹಿಂದೆ ನೇರಳೆ ಮರವಿತ್ತು, ಹಣ್ಣಿಗೆ ಉಪ್ಪು ಹಚ್ಚಿ ತಿಂದರೆ ನಾಲಿಗೆ ನೀಲಿಯಾಗಿ ಒಗರಾಗಿ ಎರಡು ಪೀರಿಯಡ್ ಮಾತಾಡಲು ಬರುತ್ತಿರಲಿಲ್ಲ, ಹಾಗಿದೆ, ಆಮೇಲೆ ಹೊಗೆ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ನೀರು ಹೊಯ್ದ ವಾಸನೆ, ಎಂದ. ಡೊನಾಟೊ ಎದ್ದು ಬಂದು ಅವನ ಎರಡೂ ಕೆನ್ನೆ ಹಿಡಿದುಕೊಂಡಿದ್ದ. ಅಪ್ಪ ಕೂಡ ತನ್ನನ್ನು ಹಾಗೆ ಹಿಡಿದಿರಲಿಲ್ಲ ಎಂದು ಆಗ ಅನ್ನಿಸಿತ್ತು. ಅಂದಿನಿಂದ ಶುಕ್ರವಾರಗಳು ಶುರುವಾದವು. ಶುಕ್ರವಾರ ಸಂಜೆ ಹೆಂಡತಿ ರಾಜಲಕ್ಷ್ಮಿ ಲಲಿತಾ ಸಹಸ್ರನಾಮಕ್ಕೆ ಗೆಳತಿಯರ ಮನೆಗೆ ಹೋಗುತ್ತಾಳೆ, ತ್ಯಾಗರಾಜ ‘ಡೊನಾಟೊ ಜೊತೆ ಪೇಪರ್ ಬರೀಬೇಕು’ ಎನ್ನುತ್ತಾನೆ. ಆ ಪೇಪರು ಎಂದಾದರೂ ಅಚ್ಚಾಯಿತೇ ಎಂದು ಅವಳು ಕೇಳಲಿಲ್ಲ, ಇವನು ಅದನ್ನು ತನ್ನ ಜಾಣತನ ಅಂದುಕೊಂಡ.

ಡೊನಾಟೊನ ಹೆಂಡತಿ ತೀರಿಕೊಂಡ ಮೇಲೆ ಶುಕ್ರವಾರ ತಪ್ಪಿಸುವ ಹಾಗೇ ಇರಲಿಲ್ಲ. ತಪ್ಪಿಸಬೇಕೆಂದು ತ್ಯಾಗರಾಜನಿಗೆ ಅನ್ನಿಸಿಯೂ ಇರಲಿಲ್ಲ. ಆದರೆ ಡೊನಾಟೊ ಇವನ ಮನೆಗೆ ಬಂದರೆ ಕಾಫಿ, ಚಕ್ಕುಲಿ. ಮನೆಯೊಳಗೆ ಬೇಡ, ಅದೊಂದು ನಿಯಮ. ಯಾರು ಮಾಡಿದ ನಿಯಮ ಎಂದರೆ ಇವನೇ. ಡೊನಾಟೊ ಚಕ್ಕುಲಿ ಮುರಿಯುತ್ತ ಕಣ್ಣಲ್ಲೇ ನಗುತ್ತಿದ್ದ, ಒಂದು ದಿನವೂ ಬಾಯಿ ಬಿಡಲಿಲ್ಲ. ಅವನ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಮೂಲೆಯಲ್ಲಿ ಬಾಟಲಿಗಳು ಮಲಗಿದ್ದವು. ಅವುಗಳ ಪೈಕಿ ಒಂದರ ಕುತ್ತಿಗೆಗೆ ಕೆಂಪು ದಾರ ಕಟ್ಟಿತ್ತು. ತ್ಯಾಗರಾಜನ ಮಗಳು ಮೇಧಾ ಹುಟ್ಟಿದ ವರ್ಷದ್ದು. ಮಗು ಹುಟ್ಟಿದ ವರ್ಷದ ವೈನನ್ನು ತೆಗೆದಿಟ್ಟು ಅದು ಸ್ವಂತ ಮನೆ ಮಾಡಿದ ದಿನ ಬಿಚ್ಚುವುದು ತಮ್ಮ ಮನೆಯ ಪದ್ಧತಿ, ನನಗೆ ಮಕ್ಕಳಿಲ್ಲ, ನಿನ್ನ ಮಗಳಿದ್ದಾಳಲ್ಲ, ಎಂದಿದ್ದ. “ಎಳೆಯದರಲ್ಲಿ ಇದು ಕಚ್ಚುತ್ತದೆ, ತ್ಯಾಗೊ. ಕಾಯಬೇಕು. ಅವಳ ಮನೆಯಲ್ಲೇ ಬಿಚ್ಚೋಣ, ನೀನೂ ನಾನೂ ಅವಳೂ.” ತ್ಯಾಗರಾಜ ‘ಖಂಡಿತ’ ಎಂದಿದ್ದ. ಬೇಸ್‌ಮೆಂಟಿನಲ್ಲಿ ಖಂಡಿತ ಎನ್ನುವುದು ಸುಲಭ.

ಹೋದ ಭಾನುವಾರ ವಾಷಿಂಗ್ಟನ್ ಹತ್ತಿರದ ಆಶ್‌ಬರ್ನಿನಲ್ಲಿ ಮೇಧಾಳ ಹೊಸ ಟೌನ್‌ಹೌಸಿನ ಗೃಹಪ್ರವೇಶ. ಸುತ್ತ ಇನ್ನೂ ಕೆಂಪು ಮಣ್ಣು, ಅರ್ಧ ಕಟ್ಟಿದ ಮನೆಗಳು, ಬಾಗಿಲಾಚೆ ಚಪ್ಪಲಿಗಳ ರಾಶಿ. ಹೋಮದ ಹೊಗೆಗೆ ಅಲಾರಂ ಕೂಗಿಕೊಂಡು, ಅಳಿಯ ನಿಖಿಲ್ ಪಂಚೆ ಎತ್ತಿ ಕುರ್ಚಿ ಹತ್ತಿ ಅದರ ಬ್ಯಾಟರಿ ಕಿತ್ತು, ಎಲ್ಲರೂ ನಕ್ಕಿದ್ದರು. ಎಲೆಕ್ಟ್ರಿಕ್ ಸ್ಟವ್ ಮೇಲೆ ಹಾಲು ಉಕ್ಕಿತ್ತು. ಮೈಸೂರಿಂದ ಬಂದಿದ್ದ ಬೀಗರು ಸೋಫಾದ ಮೇಲೆ ಕೂತಿದ್ದರು, ಅವರ ಪಕ್ಕದಲ್ಲಿ ಡಾಕ್ಟರ್ ಶಿವಬಸಪ್ಪನವರು. ಇಡೀ ವಾಷಿಂಗ್ಟನ್ ಕಡೆಯ ಕನ್ನಡದವರಿಗೆ ಅವರೇ ಹಿರಿಯರು. ತ್ಯಾಗರಾಜ ಈ ದೇಶಕ್ಕೆ ಬಂದಿಳಿದಾಗ ಏರ್‌ಪೋರ್ಟಿಗೆ ಬಂದು, ಮನೆಯಲ್ಲಿಟ್ಟುಕೊಂಡು, ಚಳಿಗೆ ತಮ್ಮ ಹಳೇ ಕೋಟು ಕೊಟ್ಟು, ‘ಇಲ್ಲಿ ನೂರು ಚಟ ಕೈಹಿಡಿದು ಎಳೀತವೆ, ಹುಷಾರು’ ಎಂದಿದ್ದವರು. ಎಷ್ಟು ದಶಕ ಕಳೆದರೂ ಅವರೆದುರು ನಿಂತರೆ ತ್ಯಾಗರಾಜನಿಗೆ ಆ ಕೋಟಿನ ತೋಳು ಉದ್ದವಾಗಿದ್ದು ನೆನಪಾಗುತ್ತದೆ. ಡೊನಾಟೊ ಬೆಳಗಿನ ಜಾವವೇ ರಾಲಿ ಬಿಟ್ಟು ಅಷ್ಟು ದೂರ ಒಬ್ಬನೇ ಡ್ರೈವ್ ಮಾಡಿಕೊಂಡು ಬಂದಿದ್ದ. ಸೂಟು, ಟೈ, ಕಾಲಲ್ಲಿ ಬರೀ ಸಾಕ್ಸು. ಮಂಡಿ ನೋವಿದ್ದರೂ ಎಲ್ಲರ ಜೊತೆ ನೆಲದ ಮೇಲೆ ಕೂತು, ಮಂಗಳಾರತಿಗೆ ಕೈ ಚಾಚಿ, ಪಕ್ಕದವರನ್ನು ನೋಡಿ ಅವರಂತೆಯೇ ಕಣ್ಣಿಗೊತ್ತಿಕೊಂಡ. ಅದನ್ನು ನೋಡಿ ತ್ಯಾಗರಾಜನಿಗೆ ಹೆಮ್ಮೆಯಾಗಿತ್ತು. ನನ್ನ ಸ್ನೇಹಿತ, ಎಂದು ಪಕ್ಕದವರಿಗೆ ಹೇಳಿಯೂ ಇದ್ದ.

ಊಟಕ್ಕೆ ಮುಂಚೆ ಉಡುಗೊರೆ ಕೊಡುವ ಹೊತ್ತಿನಲ್ಲಿ ಡೊನಾಟೊ ಕೋಟಿನ ಒಳಗಿಂದ ಬಾಟಲಿ ತೆಗೆದ. ಕೆಂಪು ದಾರ ಹಾಗೇ ಇತ್ತು. ಮಗು ಎತ್ತಿಕೊಡುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಮೇಧಾಳಿಗೆ ಕೊಟ್ಟು, ನನ್ನ ಅಣ್ಣ ಮಾಡಿದ್ದು, ಈ ಚಳಿಗಾಲದಲ್ಲಿ ಅವನು ತೀರಿಕೊಂಡ, ತೋಟವೂ ಬೇರೆಯವರ ಪಾಲಾಯಿತು, ಇದು ಕೊನೆಯದು, ಎಂದ. ಮೇಧಾಳ ಕಣ್ಣಲ್ಲಿ ನೀರು ಬಂತು. “ಅಪ್ಪಾ, ಲುಕ್! ಇದು ನನ್ನಷ್ಟೇ ಓಲ್ಡ್ ಅಂತೆ!” ಎಂದು ಎತ್ತಿ ಹಿಡಿದಳು. ಅವಳು ಎತ್ತಿ ಹಿಡಿಯದಿದ್ದರೆ, ಎಂದು ತ್ಯಾಗರಾಜ ಈ ವಾರದಲ್ಲಿ ಎಷ್ಟು ಸಲ ಯೋಚಿಸಿದ್ದಾನೋ. ಮಗಳ ಮೇಲೆ ತಪ್ಪು ಹೊರಿಸುವಷ್ಟು ಕೀಳಾಗಿದ್ದೇನೆ ಎಂದು ಅಷ್ಟೇ ಸಲ ನಾಚಿಕೊಂಡಿದ್ದಾನೆ. ಬಾಟಲಿ ಕಂಡದ್ದೇ ಬೀಗಿತ್ತಿ ದೇವರ ಕಡೆ ತಿರುಗಿ ಸೆರಗು ಸರಿಮಾಡಿಕೊಂಡರು.

“ಏನ್ ತ್ಯಾಗರಾಜ್,” ಎಂದರು ಶಿವಬಸಪ್ಪನವರು, ನಗುತ್ತಲೇ. “ಪಾಪ, ನಿಮ್ಮ ಫ್ರೆಂಡ್‌ಗೆ ಗೊತ್ತಿಲ್ಲ ಅಂತ ಕಾಣುತ್ತೆ. ನೀವಾದ್ರೂ ಹೇಳ್ಬಾರ್ದಿತ್ತಾ?”

ಆಗ ಸುಮ್ಮನೆ ನಕ್ಕಿದ್ದರೂ ಸಾಕಿತ್ತು. ‘ಆಮೇಲೆ ನೋಡೋಣ’ ಎಂದಿದ್ದರೂ ಸಾಕಿತ್ತು. ತ್ಯಾಗರಾಜ ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ, “ಡೊನಾಟೊ, ನಿನಗೆ ಗೊತ್ತಲ್ಲ, ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ನಾನಂತೂ ಮುಟ್ಟಿದವನೇ ಅಲ್ಲ,” ಎಂದ. ಅಷ್ಟಕ್ಕೂ ನಿಲ್ಲದೆ ಬೀಗರ ಕಡೆ ತಿರುಗಿ, “ಇವನಿಗೆ ಇಡೀ ಪ್ರಪಂಚವೇ ಇಟಲಿ,” ಎಂದು ಸೇರಿಸಿದ. ಎಲ್ಲರೂ ನಕ್ಕರು, ಬಿಗುವು ಸಡಿಲಾಯಿತು. ಡೊನಾಟೊ ಮಾತ್ರ ಅವನನ್ನು ನೋಡಿದ. ಸಿಟ್ಟಿನ ನೋಟವಲ್ಲ. ಗುರುತಿನವನು ಎಂದುಕೊಂಡು ಹತ್ತಿರ ಹೋಗಿ, ಅಲ್ಲವೆಂದು ತಿಳಿದಾಗ ನೋಡುತ್ತಾರಲ್ಲ, ಅಂಥ ನೋಟ. ಆಮೇಲೆ ಶಿವಬಸಪ್ಪನವರಿಗೆ ತಲೆಬಾಗಿ, “ಹೌದು, ಇವನು ಎಷ್ಟೋ ಸಲ ಹೇಳಿದ್ದ. ನಾನೇ ಮರೆತೆ. ಕ್ಷಮಿಸಿ,” ಎಂದ. ಇವನ ಸುಳ್ಳನ್ನು ಕಾಪಾಡಲು ಅವನು ಇನ್ನೊಂದು ಸುಳ್ಳು ಹೇಳಿದ್ದ, ಅಣ್ಣ ಸತ್ತ ವರ್ಷ, ಅಣ್ಣನ ಕೊನೆಯ ಬಾಟಲಿ ಎದುರಿಗಿಟ್ಟುಕೊಂಡು.

“ಕೊಡು, ನಾನು ಇಡ್ತೀನಿ,” ಎಂದು ತ್ಯಾಗರಾಜ ಬಾಟಲಿಯನ್ನು ಮಗಳ ಕೈಯಿಂದ ತೆಗೆದುಕೊಂಡ. ಅವಳು ಒಂದು ಕ್ಷಣ ಬಿಡಲಿಲ್ಲ. “ವಾಟ್ ಆರ್ ಯೂ ಡೂಯಿಂಗ್, ಅಪ್ಪಾ?” ಎಂದಳು ಮೆಲ್ಲಗೆ. ಅವನು ಬಾಟಲಿ ಬಿಡಿಸಿಕೊಂಡು ಹೊರಟ. ಎಲ್ಲಿಡುವುದು? ಅಡುಗೆಮನೆ ತುಂಬ ಹೆಂಗಸರು, ಕಾರಿನ ತನಕ ಹೋಗಬೇಕಾದರೆ ಹಾಲ್ ದಾಟಬೇಕು. ಬಟ್ಟೆ ಒಗೆಯುವ ಕೋಣೆಗೆ ಹೋದ. ಅಲ್ಲಿ ಹಳದಿ ಚೀಲಗಳು ಸಾಲಾಗಿ ನಿಂತಿದ್ದವು, ಬಂದವರಿಗೆ ಹೊರಡುವಾಗ ಕೊಡುವ ತಾಂಬೂಲ: ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು. ಒಂದು ಚೀಲದಲ್ಲಿ ಬಾಟಲಿ ಇಳಿಸಿ, ಮೇಲೆ ಕಾಯಿಟ್ಟು, ವೀಳ್ಯದೆಲೆ ಮುಚ್ಚಿ, ಉಳಿದವುಗಳ ಜೊತೆ ಬೆರೆಯದಂತೆ ಡ್ರೈಯರಿನ ಮೇಲೆ ಬೇರೆಯಾಗಿ ಇಟ್ಟ. ಎಲ್ಲರೂ ಹೋದ ಮೇಲೆ ತನ್ನ ಕಾರಿನ ಡಿಕ್ಕಿಗೆ ಹಾಕಿದರಾಯಿತು. ಕೈ ತೊಳೆದುಕೊಂಡ. ಯಾಕೆ ತೊಳೆದುಕೊಂಡೆ ಎಂದು ಆಮೇಲೆ ಯೋಚನೆ ಬಂತು.

ಡೊನಾಟೊ ಊಟ ಮಾಡಿ, ಹೋಳಿಗೆಯನ್ನು ಎರಡನೇ ಸಲ ಹಾಕಿಸಿಕೊಂಡು, ಎಲ್ಲರಿಗಿಂತ ಮೊದಲು ಹೊರಟ. ತ್ಯಾಗರಾಜ ಬಾಗಿಲ ಮೆಟ್ಟಿಲ ಮೇಲಿದ್ದ, ಭುಜದ ಮೇಲೆ ಶಿವಬಸಪ್ಪನವರ ಕೈಯಿತ್ತು, ಯುಗಾದಿಯ ಕಾರ್ಯಕ್ರಮಕ್ಕೆ ಹಾಲ್ ಸಿಗದೆ ಪಟ್ಟ ಪಾಡನ್ನು ಅವರು ಹೇಳುತ್ತಿದ್ದರು. ಒಳಗಿಂದ ಬಂದ ರಾಜಲಕ್ಷ್ಮಿ ಡೊನಾಟೊನ ಕೈಗೆ ತಾಂಬೂಲದ ಚೀಲ ಕೊಟ್ಟಳು. ಬಲಗೈಯಲ್ಲಿ ತೆಗೆದುಕೊಳ್ಳಬೇಕೆಂದು ಅವಳೇ ಹಿಂದೆ ಕಲಿಸಿದ್ದಳು, ಅವನು ಬಲಗೈ ಚಾಚಿದ, ಭಾರಕ್ಕೆ ಕೈ ಒಮ್ಮೆ ಕೆಳಗಿಳಿಯಿತು, ಎಡಗೈಯನ್ನೂ ಸೇರಿಸಿದ. ಚೀಲದ ಒಂದು ಮಗ್ಗುಲಲ್ಲಿ ಬಾಟಲಿಯ ಕುತ್ತಿಗೆ ಬಟ್ಟೆಯನ್ನು ಒಳಗಿಂದ ನೂಕಿ ನಿಂತಿದ್ದು ತ್ಯಾಗರಾಜನಿಗೆ ಕಂಡಿತು. ಡೊನಾಟೊ ಕಾರಿನ ಕಡೆ ನಡೆದ, ಮಂಡಿ ನೋವಿಗೆ ನಿಧಾನವಾಗಿ. ಓಡಿಹೋಗಿ ತಡೆಯಲು ಬೇಕಾದಷ್ಟು ಹೊತ್ತಿತ್ತು. ಭುಜದ ಮೇಲಿನ ಕೈಯನ್ನು ಕೆಳಗಿಳಿಸಬೇಕಿತ್ತು, ಅಷ್ಟೆ. ಯಾಕೆ ಓಡಿದೆ, ಚೀಲದಲ್ಲಿ ಏನಿತ್ತು ಎಂದು ಅವರು ಕೇಳಿಯಾರು. ಡೊನಾಟೊ ಕಾರಿನೊಳಗೆ ಚೀಲವನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಬೀಳದಂತೆ ಬೆಲ್ಟ್ ಹಾಕಿ, ಕೈಬೀಸಿದ. ತ್ಯಾಗರಾಜನೂ ಕೈಬೀಸಿದ.

ಸೋಮವಾರ ಅವನೂ ರಾಜಲಕ್ಷ್ಮಿಯೂ ರಾಲಿಗೆ ವಾಪಸ್ಸು ಬರುವಾಗ ದಾರಿಯಲ್ಲಿ ರಿಚ್‌ಮಂಡ್ ದಾಟಿದರು. ಆಮೇಲೆ ಅವನೇ, ಸಾಧ್ಯವಾದಷ್ಟು ಸಹಜವಾಗಿ, “ಡೊನಾಟೊಗೆ ಆ ಚೀಲ ಯಾಕೆ ಕೊಟ್ಟೆ?” ಎಂದು ಕೇಳಿದ.

“ನೀವೇ ತೆಗೆದಿಟ್ಟಿದ್ರಲ್ಲ, ಡ್ರೈಯರ್ ಮೇಲೆ? ಡೊನಾಟೊಗೆ ಒಳ್ಳೇ ಕಾಯಿ ನೋಡಿ ಇಡಿ ಅಂತ ನಿನ್ನೆ ಬೆಳಿಗ್ಗೇನೇ ಹೇಳಿದ್ದೆ. ಎತ್ತಿದ್ರೆ ಭಾರ ಇತ್ತು. ಪರವಾಗಿಲ್ಲ, ನೆನಪಿಟ್ಕೊಂಡಿದಾರೆ ಅಂದ್ಕೊಂಡೆ.”

“ಅದರಲ್ಲಿ ಅವನ ಬಾಟ್ಲಿ ಇತ್ತು.”

ರಾಜಲಕ್ಷ್ಮಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ತುಂಬ ಹೊತ್ತು ಒರೆಸುತ್ತಲೇ ಇದ್ದಳು. “ಅಯ್ಯೋ. ತಾಂಬೂಲದಲ್ಲಿ ಇಟ್ಟು ಅವರದ್ದನ್ನ ಅವರಿಗೇ ವಾಪಸ್ ಕೊಟ್ಟ ಹಾಗಾಯ್ತಲ್ರೀ. ಅದೂ ನನ್ನ ಕೈಯಿಂದ,” ಎಂದಳು.

“ಬೇಕು ಅಂತ ಮಾಡಿದ್ದಲ್ಲ. ಆ ಹೊತ್ತಿಗೆ ಏನೂ ತೋಚಲಿಲ್ಲ. ಶಿವಬಸಪ್ಪನೋರು, ಬೀಗರು, ನೀನು—”

“ನನ್ನ ಯಾಕೆ ಸೇರಿಸ್ತೀರಿ? ಶುಕ್ರವಾರ ಶುಕ್ರವಾರ ಏಲಕ್ಕಿ ಅಗೀತಾ ಬರ್ತೀರಲ್ಲ, ನಂಗೇನು ಮೂಗಿಲ್ವಾ? ನೀವು ಎತ್ಕೊಂಡು ಹೋಗ್ಲಿ ಅಂತಾನೇ ಆ ಸೀಸೆ ತುಂಬಿಸಿ ಇಡ್ತಿದ್ದೆ. ಮೇಧಾಗೆ ಹೈಸ್ಕೂಲಲ್ಲೇ ಗೊತ್ತಾಗಿತ್ತು. ಶಿವಬಸಪ್ಪನೋರು ಹೋದ ವರ್ಷ ನನ್ನ ಕೇಳಿದ್ರು, ನಮ್ಮ ತ್ಯಾಗರಾಜ್ ಈಗ್ಲೂ ಆ ಇಟಾಲಿಯನ್ ಮನೇಗೆ ಹೋಗ್ತಾರಾ, ಲಿಮಿಟ್‌ನಲ್ಲಿ ಇರೋಕೆ ಹೇಳಮ್ಮಾ, ಅಂತ. ಎಲ್ಲಾರ್ಗೂ ಗೊತ್ತು ಕಣ್ರೀ. ನೀವು ಕುಡೀತೀರಿ ಅಂತ ನಂಗೆ ಯಾವತ್ತೂ ಹೊಟ್ಟೆ ಉರೀಲಿಲ್ಲ. ನಿನ್ನೆ ಉರೀತು. ಆ ಮನುಷ್ಯ ಎಲ್ಲರ ಮುಂದೆ ಸಾರಿ ಕೇಳಿದ್ರಲ್ಲ, ಆವಾಗ.”

ತ್ಯಾಗರಾಜ ಲೇನ್ ಬದಲಿಸಿದ, ಕಾರಣವಿಲ್ಲದೆ. ಹಾಗಾದರೆ ಆ ಕೋಣೆಯಲ್ಲಿ ಅವನ ಮಾತನ್ನು ಯಾರೂ ನಂಬಿರಲಿಲ್ಲ. ನಕ್ಕವರು ಯಾತಕ್ಕೆ ನಕ್ಕರೆಂದು ಈಗ ತಿಳಿಯಿತು. ಯಾರಿಗೂ ಬೇಡದ ಒಂದು ಸುಳ್ಳಿಗಾಗಿ, ತನ್ನನ್ನು ಎರಡೂ ಕೆನ್ನೆ ಹಿಡಿದು ಮಾತಾಡಿಸಿದ್ದ ಒಬ್ಬನೇ ಒಬ್ಬನನ್ನು ಎಲ್ಲರೆದುರು ಮೂರ್ಖನನ್ನಾಗಿ ಮಾಡಿದ್ದ. ಮನೆ ಮುಟ್ಟಿದ ಮೇಲೆ ಫೋನ್ ಮಾಡಿದ. ಮೆಷಿನ್ ಎತ್ತಿಕೊಂಡಿತು, ಡೊನಾಟೊನ ದನಿ ಹೆಸರು ನಂಬರು ಹೇಳಿ ಎಂದಿತು, ತ್ಯಾಗರಾಜ ಏನೂ ಹೇಳದೆ ಇಟ್ಟುಬಿಟ್ಟ. ವಾರವೆಲ್ಲ ಕಾರಿಡಾರಿನಲ್ಲಿ ಡೊನಾಟೊನ ಕಡೆಯ ಮೆಟ್ಟಿಲು ಬಿಟ್ಟು ಈ ಕಡೆಯದನ್ನು ಹತ್ತಿದ.

ಈ ಶುಕ್ರವಾರ ಕೊನೆಗೂ ಕಾರಿಳಿದು ಹೋದಾಗ, ಬಾಗಿಲು ತಟ್ಟುವ ಮೊದಲೇ ಡೊನಾಟೊ ತೆರೆದ. ಕಾರು ನಿಂತಾಗಲೇ ನೋಡಿದ್ದನೇನೋ, ಎಷ್ಟು ಹೊತ್ತು ಇಳಿಯದೆ ಕೂತಿದ್ದನೆಂಬುದನ್ನೂ ನೋಡಿರಬೇಕು. “ಬಾ, ತ್ಯಾಗೊ,” ಎಂದು ಎಂದಿನಂತೆ ಹಿಂದಿನ ಪೋರ್ಚಿಗೆ ಕರೆದೊಯ್ದ. ಅದೇ ಎರಡು ಕುರ್ಚಿ, ನಡುವೆ ಅದೇ ಸಣ್ಣ ಮೇಜು. ಮೇಜಿನ ಮೇಲೆ ಬಾಟಲಿ ಇತ್ತು, ಬಿಚ್ಚಿತ್ತು. ಕೆಂಪು ದಾರವನ್ನು ಸುತ್ತಿ ಪಕ್ಕಕ್ಕಿಟ್ಟಿದ್ದ. ತಟ್ಟೆಯಲ್ಲಿ ತೆಂಗಿನಕಾಯಿ ಚೂರುಗಳು, ಕಂದು ಸಿಪ್ಪೆ ಸಮೇತ, ಒಂದೊಂದು ಒಂದೊಂದು ಆಕಾರ. “ನಿಮ್ಮ ಕಾಯಿ ಒಡೆಯಲು ನನ್ನ ಬಂಡೆ ಒಡೆಯುವ ಸುತ್ತಿಗೆಯೇ ಬೇಕಾಯಿತು,” ಎಂದು ನಕ್ಕ. ಬಾಟಲಿಯ ಬಾಯಿಂದ ಹೊಗೆಯ, ಕಾದ ಕಲ್ಲಿನ ಆ ವಾಸನೆ ತೆಳ್ಳಗೆ ಬರುತ್ತಿತ್ತು. ಇಷ್ಟು ವರ್ಷ ಕಾದಿದ್ದು ಈ ವಾಸನೆಗೆ. ತ್ಯಾಗರಾಜ ತನ್ನ ಕುರ್ಚಿಯಲ್ಲಿ ಕೂತ. ಆಗ ಕಂಡಿತು: ವೈನ್ ಗ್ಲಾಸು ಒಂದೇ ಇತ್ತು. ಅವನ ಕಡೆ ಉದ್ದನೆಯ ಲೋಟದಲ್ಲಿ, ಮಂಜುಗಡ್ಡೆ ಹಾಕಿ, ಕಿತ್ತಳೆ ಜ್ಯೂಸ್ ಇಟ್ಟಿತ್ತು.

“ಅವತ್ತು ನಾನು ತಪ್ಪು ಮಾಡಿದೆ,” ಎಂದ ಡೊನಾಟೊ. “ನಿಮ್ಮ ದೇವರ ಕೆಲಸದ ದಿನ, ಎಲ್ಲರೆದುರು ನಿನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿದೆ. ಬೇರೆ ಯಾರಾದರೂ ಆಗಿದ್ದರೆ ಮುಖಕ್ಕೆ ಹೇಳುತ್ತಿದ್ದರು. ನೀನು ಎಲೆ, ಕಾಯಿ, ಹಣ್ಣು ಎಲ್ಲ ಜೊತೆಗಿಟ್ಟು ಗೌರವವಾಗಿ ವಾಪಸ್ಸು ಕೊಟ್ಟೆ. ಮನೆಗೆ ಬಂದು ಚೀಲ ಬಿಚ್ಚಿದಾಗ ಮೊದಲು ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಅರ್ಥವಾಯಿತು. ಇಷ್ಟು ವರ್ಷ ಶುಕ್ರವಾರ ಶುಕ್ರವಾರ ನೀನು ಕುಡಿದದ್ದು ನನ್ನ ಮನಸ್ಸು ನೋಯಬಾರದೆಂದೇ ಇರಬೇಕು. ನಿನ್ನ ಮನೆಗೆ ಬಂದಾಗೆಲ್ಲ ಕಾಫಿ ಕೊಡುತ್ತಿದ್ದೆಯಲ್ಲ, ಅದರಿಂದಲೇ ನಾನು ತಿಳಿದುಕೊಳ್ಳಬೇಕಿತ್ತು.”

“ಇಲ್ಲ ಡೊನಾಟೊ, ಹಾಗಲ್ಲ,” ಎಂದ ತ್ಯಾಗರಾಜ.

ಡೊನಾಟೊ ಕಾದ. ಅವಸರವಿಲ್ಲದೆ, ಗ್ಲಾಸಿನ ಕಾಲು ಹಿಡಿದುಕೊಂಡು, ನಿಜಕ್ಕೂ ಕಾದ. ಮಾತು ಸಿದ್ಧವಾಗಿತ್ತು, ಕಾರಿನಲ್ಲಿ ಎಷ್ಟೋ ಸಲ ಹೇಳಿಕೊಂಡದ್ದೇ: ನಾನು ವಾಪಸ್ಸು ಕೊಡಲಿಲ್ಲ. ಹಾಗಾದರೆ ಚೀಲದಲ್ಲಿ ಹೇಗೆ ಬಂತು? ಬಚ್ಚಿಟ್ಟಿದ್ದೆ. ನಾನು ಒಯ್ಯುವಾಗ ನೋಡಿದೆಯಾ? ನೋಡಿದೆ, ಕೈಬೀಸಿದೆ. ಡೊನಾಟೊನ ಲೆಕ್ಕದಲ್ಲಿ ಈಗ ಅವನು ತನ್ನ ಆಚಾರಕ್ಕೆ ಅಂಟಿಕೊಂಡ, ಸ್ನೇಹಕ್ಕಾಗಿ ಇಷ್ಟವಿಲ್ಲದ್ದನ್ನು ನುಂಗಿದ, ಸಭ್ಯ ಮನುಷ್ಯ. ನಿಜ ಹೇಳಿದರೆ ಬರೀ ಹೇಡಿ. ಹೇಡಿಯಾದರೂ ಡೊನಾಟೊ ಒಳಗೆ ಹೋಗಿ ಇನ್ನೊಂದು ಗ್ಲಾಸು ತರುತ್ತಿದ್ದ, ಅದರಲ್ಲಿ ಅನುಮಾನವೇ ಇರಲಿಲ್ಲ. ಅದೇ ತಡೆಯಲಾಗದ ಸಂಕಟವಾಗಿತ್ತು. ತ್ಯಾಗರಾಜ “ಹಾಗೇನೂ ಬೇಜಾರು ಮಾಡಿಕೊಳ್ಳಬೇಡ ಅಂದೆ, ಅಷ್ಟೆ,” ಎಂದು, ಜೇಬಿನಲ್ಲಿ ಕೈಯಿಟ್ಟು, ಏಲಕ್ಕಿಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

ಡೊನಾಟೊ ತಲೆಯಾಡಿಸಿ ಗ್ಲಾಸನ್ನು ಬೆಳಕಿಗೆ ಹಿಡಿದ. ಅಂಚಿನಲ್ಲಿ ಮಾತ್ರ ಇಟ್ಟಿಗೆಯ ಬಣ್ಣ, ನಡುವೆ ಕಪ್ಪು. ಒಂದು ಗುಟುಕು ಬಾಯಲ್ಲಿಟ್ಟುಕೊಂಡು ತುಂಬ ಹೊತ್ತು ಕಣ್ಣು ಮುಚ್ಚಿದ. ತೆರೆದಾಗ ಕಣ್ಣು ಒದ್ದೆಯಾಗಿತ್ತು, ಅಣ್ಣನಿಗಾಗಿಯೋ ಇನ್ನಾತಕ್ಕೋ. “ನೀನು ಒಂದು ಹಣ್ಣಿನ ಹೆಸರು ಹೇಳುತ್ತಿದ್ದೆಯಲ್ಲ, ಶಾಲೆಯ ಹಿಂದಿನದು, ಉಪ್ಪು ಹಚ್ಚಿಕೊಂಡು ತಿನ್ನುವುದು. ಅದು ಇದರಲ್ಲಿದೆ ಅನ್ನಿಸುತ್ತದೆ. ಏನದು?”

“ನೇರಳೆ.”

“ನೇರಳೆ,” ಎಂದ ಡೊನಾಟೊ ತನ್ನ ಉಚ್ಚಾರದಲ್ಲಿ. ಇನ್ನೊಂದು ಗುಟುಕು ಕುಡಿದ. ಅಂಗಳದಾಚೆ ಯಾರೋ ಹುಲ್ಲು ಕತ್ತರಿಸುತ್ತಿದ್ದರು. ಆಮೇಲೆ ಅತಿಥಿಯನ್ನು ಮರೆತು ತಾನೊಬ್ಬನೇ ಕುಡಿಯುತ್ತಿರುವುದು ನೆನಪಾದವನಂತೆ ತಟ್ಟೆಯನ್ನು ಅವನತ್ತ ಸರಿಸಿ, ಬಹಳ ಮರ್ಯಾದೆಯಿಂದ, “ಜ್ಯೂಸ್ ಹೇಗಿದೆ?” ಎಂದು ಕೇಳಿದ.

ತ್ಯಾಗರಾಜ ಲೋಟ ಎತ್ತಿ ಒಂದು ಗುಟುಕು ಕುಡಿದ.

“ಬಹಳ ಚೆನ್ನಾಗಿದೆ,” ಎಂದ.